ಸುಲೋಚನೆಯಿಂದ ಸುಲೋಚನೆಯವರೆಗೆ

1934ನೆಯ ಇಸವಿ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ ‘ಸತಿ ಸುಲೋಚನ’ವು ಕನ್ನಡದ ಮೊದಲನೆಯ ವಾಕ್ಚಿತ್ರವೆಂದು ಪ್ರಸಿದ್ಧವಾಗಿದೆ. ಇಂದ್ರಜಿತುವಿನ ಪತ್ನಿಯ ಪಾತಿವ್ರತ್ಯವೇ ಅದರ ವಸ್ತು. ಅಲ್ಲಿಂದ 91 ವರ್ಷಗಳ ತರುವಾಯ, 2025ರ ಜುಲೈ 25ರಂದು ತೆರೆಗೆ ಬಂದು ಜನರನ್ನು ಮನದಣಿಯೆ ನಗಿಸಿದ ಚಿತ್ರದ ಹೆಸರು ‘ಸು ಫ್ರಮ್ ಸೋ’. ಬಿಡಿಸಿ ಹೇಳುವುದಾದರೆ, ಸೋಮೇಶ್ವರದ ಸುಲೋಚನ. ಮೊದಲನೆಯವಳು ಲಂಕೆಯ ಅರಮನೆಯ ರಾಜವಧು. ಎರಡನೆಯವಳು ಕರಾವಳಿಯ ಬಡ ಹೆಂಗಸು, ಸತ್ತು ಪ್ರೇತವಾಗಿ ಬಂದಳೆಂದು ಊರವರ ಬಾಯಿಗೆ ಬಿದ್ದವಳು. ಹೆಸರಿನ ಸಾಮ್ಯವು ಆಕಸ್ಮಿಕವಾಗಿರಬಹುದು. ಆದರೆ ಈ ಇಬ್ಬರ ನಡುವಣ ಅಂತರವೇ ಕನ್ನಡ ಚಲಚ್ಚಿತ್ರವು ನಡೆದುಬಂದ ದಾರಿಯ ಅಳತೆಯಾಗಿದೆ.

ಆ ಮೊದಲ ಚಿತ್ರವನ್ನು ತೆಗೆಯುವುದಕ್ಕೆ ಕನ್ನಡನಾಡಿನಲ್ಲಿ ಅನುಕೂಲವಿರಲಿಲ್ಲ. ವೈ. ವಿ. ರಾಯರ ನಿರ್ದೇಶನದಲ್ಲಿ, ಸುಬ್ಬಯ್ಯನಾಯಿಡು, ಆರ್. ನಾಗೇಂದ್ರರಾಯ, ತ್ರಿಪುರಾಂಬ ಮೊದಲಾದವರು ಕೊಲ್ಹಾಪುರಕ್ಕೆ ಹೋಗಿ ಅಭಿನಯಿಸಿ ಬಂದರು. ಸಂಭಾಷಣೆಯನ್ನು ಬರೆದವರು ಬೆಳ್ಳಾವೆ ನರಹರಿಶಾಸ್ತ್ರಿಗಳು. ನಟರೂ ನಾಟಕದವರು, ಮಾತೂ ನಾಟಕದ್ದು. ಅದೇ ವರ್ಷದ ‘ಭಕ್ತ ಧ್ರುವ’ವೂ ಪುರಾಣದಿಂದಲೇ ಬಂದಿತು. 1936ರಲ್ಲಿ ಎಚ್. ಎಲ್. ಎನ್. ಸಿಂಹರು ‘ಸಂಸಾರ ನೌಕೆ’ಯನ್ನು ತಂದಾಗ ‘ಸಾಮಾಜಿಕ’ವೆಂಬ ಎರಡನೆಯ ಪ್ರಕಾರವು ಹುಟ್ಟಿತು. ಪೌರಾಣಿಕ, ಸಾಮಾಜಿಕ, ಐತಿಹಾಸಿಕ ಎಂಬೀ ಹೆಸರುಗಳಿಂದಲೇ ಬಹುಕಾಲ ಜನರು ಚಿತ್ರಗಳನ್ನು ಗುರುತಿಸುತ್ತಿದ್ದರು. ಈಚಿನ ಚಿತ್ರಗಳನ್ನು ಆ ಗೂಡುಗಳಲ್ಲಿರಿಸಲು ಹೊರಟರೆ ಯಾವುದೂ ಸರಿಯಾಗಿ ಕೂಡುವುದಿಲ್ಲ.

2018ರ ಡಿಸೆಂಬರಿನಲ್ಲಿಯೂ 2022ರ ಏಪ್ರಿಲಿನಲ್ಲಿಯೂ ಎರಡು ಭಾಗಗಳಾಗಿ ಬಂದ ಪ್ರಶಾಂತ ನೀಲರ ‘ಕೆ. ಜಿ. ಎಫ್.’ ಸಾಹಸದ ಚಿತ್ರವು. ಕನ್ನಡ ಚಿತ್ರವೊಂದನ್ನು ಭರತಖಂಡವೆಲ್ಲ ಎದುರುನೋಡುವಂತೆ ಮಾಡಿದ ಕೀರ್ತಿ ಅದಕ್ಕೆ ಸಲ್ಲತಕ್ಕದ್ದು. ಹೊಗೆ, ಮಸಿ, ಬೆಂಕಿಗಳ ವರ್ಣದಲ್ಲಿ ಅದು ಕಟ್ಟಿದ ಲೋಕವು ಕಣ್ಣನ್ನು ಹಿಡಿದು ನಿಲ್ಲಿಸುತ್ತದೆ. ಆದರೆ ಅಲ್ಲಿಯ ನಾರಾಚಿಯ ಗಣಿಯು ಕಲ್ಪನೆಯದು. ನಿಜವಾದ ಕೋಲಾರದ ಗಣಿಗೆ 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂದಿತು. 1956ರಲ್ಲಿ ಮೈಸೂರು ಸರಕಾರವು ಅದನ್ನು ವಹಿಸಿಕೊಂಡಿತು. 3 ಕಿಲೋಮೀಟರಿಗೂ ಮಿಗಿಲಾದ ಆಳಕ್ಕೆ ಕೂಲಿಯವರು ಇಳಿದು ದುಡಿದರು. 2001ರ ಫೆಬ್ರವರಿ 28ರಂದು ಗಣಿಯು ಮುಚ್ಚಿತು. ತೆರೆಯ ಮೇಲಿನ ವೀರನು ಒಬ್ಬನೇ. ನೆಲದಡಿಯಲ್ಲಿ ಶ್ವಾಸಕೋಶಕ್ಕೆ ಕಲ್ಲಿನ ಧೂಳನ್ನು ತುಂಬಿಕೊಂಡವರು ಸಹಸ್ರಾರು ಮಂದಿ. ಊರಿನ ಹೆಸರನ್ನು ಜಗತ್ತಿಗೆ ತಿಳಿಸಿದ ಚಿತ್ರವು ಆ ಊರಿನವರ ಕಥೆಯನ್ನು ಹೇಳಲಿಲ್ಲವೆಂಬ ಕೊರತೆಯು ಉಳಿದೇ ಇದೆ.

2022ರ ಸೆಪ್ಟೆಂಬರ್ 30ರಂದು ಬಂದ ರಿಷಭ ಶೆಟ್ಟರ ‘ಕಾಂತಾರ’ವನ್ನು ಪೌರಾಣಿಕವೆನ್ನುವುದೇ, ಸಾಮಾಜಿಕವೆನ್ನುವುದೇ? ಪಂಜುರ್ಲಿ, ಗುಳಿಗ ದೈವಗಳು ಅಲ್ಲಿ ಅಲಂಕಾರಗಳಲ್ಲ. ಕಾಡಂಚಿನ ಜನರಿಗೂ ಅರಣ್ಯಾಧಿಕಾರಿಗೂ ಜಮೀನಿನ ಒಡೆಯನಿಗೂ ನಡುವೆ ನೆಲದ ವ್ಯಾಜ್ಯವನ್ನು ತೀರಿಸುವ ನ್ಯಾಯಾಧಿಪತಿಗಳು. ಪಂಜುರ್ಲಿಯು ಕನ್ನಡ ತೆರೆಗೆ ಹೊಸಬನಲ್ಲ. ಶಿವರಾಮ ಕಾರಂತರ ಕಾದಂಬರಿಯಿಂದ 1975ರಲ್ಲಿ ಬಿ. ವಿ. ಕಾರಂತರು ಮಾಡಿದ ‘ಚೋಮನ ದುಡಿ’ಯಲ್ಲಿಯೂ ಬೇಸಾಯಕ್ಕೆ ತುಂಡುನೆಲವನ್ನು ಬಯಸಿದ ಚೋಮನಿಗೆ ಅದೇ ದೈವವಿತ್ತು, ನೆಲವು ಮಾತ್ರ ದೊರೆಯಲಿಲ್ಲ. ಅಲ್ಲಿ ದುಡಿಯ ದನಿ ಗುಡಿಸಿಲಿನಲ್ಲಿಯೇ ಅಡಗಿತು. ಇಲ್ಲಿ ದೈವದ ಕೂಗು ಚಿತ್ರಮಂದಿರವನ್ನೆಲ್ಲ ನಡುಗಿಸಿತು. ಈ ವ್ಯತ್ಯಾಸದಲ್ಲಿ ಲಾಭವೂ ಉಂಟು, ಅಪಾಯವೂ ಉಂಟು. ಒಂದು ನಾಡಿನ ಆರಾಧನೆಯು ಪರರಿಗೆ ವೇಷವಾಗಿ, ಅನುಕರಣೆಯ ವಿನೋದವಾಗಿ ಇಳಿಯುವುದು ಕಷ್ಟವಲ್ಲ. ಅದನ್ನು ತಲೆತಲಾಂತರದಿಂದ ಹೊತ್ತುಬಂದ ನಲಿಕೆ, ಪರವ, ಪಂಬದ ಜನಗಳ ಗೌರವವು ತೆರೆಯ ಹೊರಗೂ ಹೆಚ್ಚಿದಲ್ಲದೆ ಕಲೆಯ ಋಣವು ತೀರದು.

ಪುರಾಣವು ಬೇರೆ ಬಾಗಿಲಿನಿಂದಲೂ ಒಳಗೆ ಬಂದಿದೆ. 2022ರ ಜೂನಿನಲ್ಲಿ ಬಿಡುಗಡೆಯಾದ ಕಿರಣರಾಜರ ‘777 ಚಾರ್ಲಿ’ಯಲ್ಲಿ ಒಂಟಿ ಬಾಳಿನ ಕಾರ್ಖಾನೆಯ ನೌಕರನೊಬ್ಬನು ರೋಗಪೀಡಿತ ನಾಯಿಗೆ ಹಿಮವನ್ನು ತೋರಿಸಲು ಉತ್ತರಕ್ಕೆ ಹೊರಡುತ್ತಾನೆ. ಅವನ ಹೆಸರು ಧರ್ಮ. ಮಹಾಪ್ರಸ್ಥಾನದಲ್ಲಿ ನಾಯಿಯನ್ನು ಬಿಟ್ಟು ಸ್ವರ್ಗಕ್ಕೇರಲೊಲ್ಲದ ಧರ್ಮರಾಯನನ್ನು ಬಲ್ಲ ಮನೆಗಳಲ್ಲಿ ಈ ಕಥೆಗೆ ವ್ಯಾಖ್ಯಾನವೇ ಬೇಕಿಲ್ಲ. ಕಣ್ಣೀರನ್ನು ಕೆಲವೆಡೆ ಅತಿಯಾಗಿ ಬೇಡಿದರೂ, ಮೂಕಪ್ರಾಣಿಯನ್ನು ಕಥಾನಾಯಕಿಯ ಪದವಿಗೆ ಏರಿಸಿದ ಈ ಕೃತಿಯು ಸ್ತುತ್ಯವಾದುದೇ.

ಸಾಹಿತ್ಯದ ಕಡೆಯಿಂದ ಬಂದುದು 2023ರ ‘ಡೇರ್‌ಡೆವಿಲ್ ಮುಸ್ತಾಫಾ’. ಪೂರ್ಣಚಂದ್ರ ತೇಜಸ್ವಿಯವರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದಿಂದ ಹಿಂದೆಯೇ ಅದೇ ಹೆಸರಿನ ಚಿತ್ರವೂ, 1986ರ ರಾಷ್ಟ್ರಪ್ರಶಸ್ತಿಯಲ್ಲಿ ಸ್ವರ್ಣಕಮಲವನ್ನು ಪಡೆದ ‘ತಬರನ ಕಥೆ’ಯೂ ಹುಟ್ಟಿದ್ದವು. ಶಶಾಂಕ ಸೋಗಾಲರು ಈ ಹೊಸ ಚಿತ್ರವನ್ನು ಮಾಡಿದುದು ತೇಜಸ್ವಿಯವರ ಓದುಗರು ಕೂಡಿಸಿದ ಹಣದಿಂದ. ಹಿಂದೂ ಹುಡುಗರ ನಡುವೆ ಒಬ್ಬನೇ ಮುಸಲ್ಮಾನ ವಿದ್ಯಾರ್ಥಿಯು ಬಂದಾಗ ಹುಟ್ಟುವ ಶಂಕೆಯು, ಉಪದೇಶವಿಲ್ಲದೆ, ಕ್ರಿಕೆಟ್ ಬಯಲಿನ ನಗೆಯಲ್ಲಿ ಕರಗುತ್ತದೆ.

ಇನ್ನು ‘ಸು ಫ್ರಮ್ ಸೋ’. ಜೆ. ಪಿ. ತುಮಿನಾಡರ ಈ ಚಿತ್ರವು ಹಾಸ್ಯವೂ ಹೌದು, ಪ್ರೇತದ ಕಥೆಯೂ ಹೌದು. ಹುಡುಗನೊಬ್ಬನ ಸುಳ್ಳಿನಿಂದ ಊರಿಗೇ ಭಯ ಹಿಡಿಯುತ್ತದೆ. ಆ ಸುಳ್ಳೇ ಕಡೆಗೆ ಬದುಕಿರುವ ಹೆಣ್ಣೊಬ್ಬಳ ಸಂಕಟಕ್ಕೆ ಊರವರ ಕಣ್ಣು ತೆರೆಯಿಸುತ್ತದೆ. ಅಲ್ಲಿಯ ಮಾತು ಕರಾವಳಿಯ ಮನೆಮಾತು. ಯಾವ ಕನ್ನಡವನ್ನು ಹಿಂದಿನ ಚಿತ್ರಗಳು ಭಟ್ಟರ ಬಾಯಲ್ಲಿಟ್ಟು ಗೇಲಿಮಾಡುತ್ತಿದ್ದವೋ, ಆ ಕನ್ನಡವೇ ಇಲ್ಲಿ ಕಥೆಯ ಜೀವವಾಗಿದೆ. ನಗುವುದು ಆ ಮಾತನ್ನು ಕಂಡಲ್ಲ, ಆ ಮಾತಿನೊಡನೆ.

ಮೊದಲನೆಯ ಸುಲೋಚನೆಯನ್ನು ಇಂದು ನೋಡಬೇಕೆಂದವರಿಗೆ ಆ ಭಾಗ್ಯವಿಲ್ಲ. ಆ ಚಿತ್ರದ ಒಂದು ಪ್ರತಿಯೂ ಉಳಿದಿಲ್ಲ. ತ್ರಿಪುರಾಂಬೆಯ ದನಿ, ನಾಯಿಡುಗಳ ಗರ್ಜನೆ, ಶಾಸ್ತ್ರಿಗಳ ಮಾತು, ಎಲ್ಲವೂ ಸುರುಳಿಯೊಡನೆ ಅಳಿದುಹೋದವು. ಜನರು ಮೆಚ್ಚಿದುದು ತಾನಾಗಿಯೇ ಉಳಿಯುವುದೆಂಬ ನಂಬಿಕೆಯು ಎಷ್ಟು ಪೊಳ್ಳೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಈಗಿನ ಚಿತ್ರಗಳ ಗಳಿಕೆಯ ಕೋಟಿಗಳನ್ನು ಎಣಿಸುವವರು ಬಹುಮಂದಿ. ಅವುಗಳ ಪ್ರತಿಗಳನ್ನು ಮೊಮ್ಮಕ್ಕಳ ಕಾಲಕ್ಕೆ ಕಾಪಿಡುವ ಚಿಂತೆಯುಳ್ಳವರು ವಿರಳ. ಓಲೆಯ ಗರಿಗಳನ್ನು ಹುಳುವಿನ ಬಾಯಿಂದ ಬಿಡಿಸಿ ಪಂಪರನ್ನರನ್ನು ಮರಳಿ ಪಡೆದ ನಾಡು ಇದು. ಸೋಮೇಶ್ವರದ ಸುಲೋಚನೆಯಾದರೂ ಲಂಕೆಯ ಸುಲೋಚನೆಯ ಹಾದಿಯನ್ನು ಹಿಡಿಯದಂತೆ ನೋಡಿಕೊಳ್ಳುವುದು ಈ ತಲೆಮಾರಿನ ಹೊಣೆಯಾಗಿದೆ.