ವಾಂಕೆಲ್ ಎಂಜಿನ್: ಕಾರಿನಿಂದ ಕೋಲಾರದ ಆಕಾಶಕ್ಕೆ

ವಿಜಯಪುರದಿಂದ ತಿಕೋಟಾ, ಬಬಲೇಶ್ವರದ ಕಡೆ ಓಡುವ ಜೀಪು, ಟ್ರ್ಯಾಕ್ಟರುಗಳ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಕೆಳಗೆ ಆಡುತ್ತದೆ. ವಾಂಕೆಲ್ ಎಂಜಿನ್ನಿನಲ್ಲಿ ಪಿಸ್ಟನ್ನೇ ಇಲ್ಲ. ಉಬ್ಬಿದ ಬದಿಗಳ, ಮೂರು ಮೂಲೆಯ ರೋಟರ್ ಗೂಡಿನೊಳಗೆ ಸುತ್ತುತ್ತದೆ. ಅದು ಒಂದು ಸುತ್ತು ಮುಗಿಸುವಷ್ಟರಲ್ಲಿ ಇಂಧನ ಮೂರು ಸಲ ಉರಿದು, ಶಾಫ್ಟ್ ಮೂರು ಸುತ್ತು ತಿರುಗಿರುತ್ತದೆ. ತೂಕ ಕಡಿಮೆ, ನಡುಕವೂ ಕಡಿಮೆ.

ಜಪಾನಿನ ಮಾಜ್ದಾ 1967ರಿಂದ ಇದನ್ನು ಕಾರಿಗೆ ಅಳವಡಿಸಿತು. 1991ರಲ್ಲಿ ಲೆ ಮಾನ್ಸ್ ರೇಸನ್ನೂ ಗೆದ್ದಿತು. ರೋಟರಿನ ಮೂಲೆಯ ಸೀಲುಗಳೇ ಇದರ ದೌರ್ಬಲ್ಯ. ಅವು ಸವೆದರೆ ಒತ್ತಡ ಸೋರುತ್ತದೆ. ಪೆಟ್ರೋಲಿನ ಜೊತೆ ಆಯಿಲ್ಲೂ ಉರಿಯುತ್ತದೆ. ಹೊಗೆಯ ನಿಯಮಗಳು ಬಿಗಿಯಾದವು, 2012ರಲ್ಲಿ ಇದೇ ಎಂಜಿನ್ನಿನ ಮಾಜ್ದಾ ಆರ್‌ಎಕ್ಸ್-8 ಕಾರಿನ ತಯಾರಿಕೆ ನಿಂತಿತು.

ಅಷ್ಟರಲ್ಲಿ ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ಮತ್ತು ಅಹ್ಮದ್‌ನಗರದ ವಾಹನ ಸಂಶೋಧನಾ ಸಂಸ್ಥೆ ವಿಆರ್‌ಡಿಇ ಸೇರಿ 55 ಅಶ್ವಶಕ್ತಿಯ, ಸುಮಾರು 30 ಕಿಲೋ ತೂಕದ ವಾಂಕೆಲ್ ಎಂಜಿನ್ ತಯಾರಿಸಿದ್ದವು. ಅದುವರೆಗೆ ಆಮದು ಎಂಜಿನ್ನಿನಲ್ಲಿ ಹಾರುತ್ತಿದ್ದ ಪೈಲಟ್‌ರಹಿತ ವಿಮಾನ ‘ನಿಶಾಂತ್’, 2009ರ ಮಾರ್ಚ್‌ನಲ್ಲಿ ಕೋಲಾರದ ಬಳಿ ಸ್ವದೇಶಿ ಎಂಜಿನ್ನಿನಿಂದಲೇ ಮೇಲೇರಿತು. ನಮ್ಮ ಎಂಜಿನಿಯರುಗಳ ಈ ಸಾಧನೆಗೆ ಇನ್ನೂ ಹೆಚ್ಚಿನ ಮನ್ನಣೆ ಸಲ್ಲಬೇಕು.

2023ರಲ್ಲಿ ವಾಂಕೆಲ್ ಎಂಜಿನ್ ಮಾಜ್ದಾ ಎಂಎಕ್ಸ್-30 ಮೂಲಕ ಕಾರಿಗೆ ಮರಳಿತು. ಚಕ್ರ ತಿರುಗಿಸುವುದು ವಿದ್ಯುತ್ ಮೋಟಾರು. 830 ಸಿಸಿಯ ಒಂಟಿ ರೋಟರ್ ಎಂಜಿನ್ನಿನ ಕೆಲಸ ಕರೆಂಟ್ ಉತ್ಪಾದಿಸುವುದಷ್ಟೇ.