ಬಂಟ್ವಾಳದ ಮಳೆಗೆ ಯಾವ ಶೂ?

2022ರ ಜುಲೈ ನೆನಪಿದೆಯಾ? ಸರ್ಕಾರಿ ಶಾಲೆ ಮಕ್ಕಳಿಗೆ ಈ ವರ್ಷ ಶೂ ಇಲ್ಲ ಅಂತ ಸುದ್ದಿ ಬಂತು. ಹಾಗಾದ್ರೆ ನಾವೇ ಭಿಕ್ಷೆ ಎತ್ತಿ ಕೊಡಿಸ್ತೀವಿ ಅಂತ ವಿರೋಧ ಪಕ್ಷ ಎದ್ದು ನಿಂತಿತು. ಗದ್ದಲ ಜೋರಾದ ಮೇಲೆ ಸರ್ಕಾರ 132 ಕೋಟಿ ರೂಪಾಯಿ ಕೊಡಲು ಒಪ್ಪಿತು. ಅವತ್ತು ನಾನೂ ಎರಡೂ ಕಡೆಯವರನ್ನು ಸ್ಟುಡಿಯೋದಲ್ಲಿ ಕೂರಿಸಿ ಕೂಗಾಡಿಸಿದೆ. ಒಂದು ಪ್ರಶ್ನೆ ಮಾತ್ರ ಕೇಳಲಿಲ್ಲ: ಕೊಡೋ ಶೂ ಆ ಮಗು ನಡೆಯೋ ದಾರಿಗೆ ಒಗ್ಗುತ್ತಾ?

ನಾನು ಬಂಟ್ವಾಳದ ಕಡೆಯವನು. ನಮ್ಮಲ್ಲಿ ಜೂನ್‌ನಲ್ಲಿ ಶಾಲೆ ಶುರು, ಮಳೆಯೂ ಶುರು. ಗದ್ದೆಯ ಹುಣಿ ಮೇಲೆ ನಡೆದು, ತೋಡು ದಾಟಿ, ಬರಿಗಾಲಲ್ಲೇ ಶಾಲೆಗೆ ಹೋಗಿದ್ದೇವೆ. ಬೆರಳ ಸಂದಿಯ ಕೆಸರುಹುಣ್ಣಿಗೆ ಅಮ್ಮ ಎಣ್ಣೆ ಹಚ್ಚುತ್ತಿದ್ದರು.

ಬರಿಗಾಲು ಅಂದ್ರೆ ಬರೀ ಮುಳ್ಳು, ಕಲ್ಲಿನ ಕಷ್ಟ ಅಲ್ಲ. ಒದ್ದೆ ಮಣ್ಣಿನಲ್ಲಿರುವ ಕೊಕ್ಕೆಹುಳುವಿನ ಮರಿ ಅಂಗಾಲಿನ ಚರ್ಮ ತೂರಿ ಒಳಗೆ ಹೋಗುತ್ತೆ. ಕರುಳು ಸೇರಿ ರಕ್ತ ಹೀರುತ್ತೆ. ಮಗು ಬಿಳಿಚಿಕೊಳ್ಳುತ್ತೆ, ತರಗತಿಯಲ್ಲಿ ತೂಕಡಿಸುತ್ತೆ. 1909ರಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ರಾಕ್‌ಫೆಲರ್ ಹಣದಿಂದ ಈ ಹುಳುವಿನ ವಿರುದ್ಧ ದೊಡ್ಡ ಆಂದೋಲನ ಶುರುವಾಯಿತು. 1920ರ ದಶಕದಲ್ಲಿ ಅದೇ ಕೆಲಸ ಮದ್ರಾಸ್ ಪ್ರಾಂತ್ಯಕ್ಕೂ ಬಂತು. ನಮ್ಮ ಜಿಲ್ಲೆ ಆಗ ಅದೇ ಪ್ರಾಂತ್ಯದಲ್ಲಿತ್ತು.

ಇನ್ನೊಂದು ಮಾತು, ಹೇಳಲೇಬೇಕಾದ್ದು. ಮೇಲ್ಜಾತಿಯವರ ಎದುರು ಮೆಟ್ಟು ಹಾಕಿ ನಡೆಯುವ ಹಕ್ಕೇ ಎಷ್ಟೋ ಜನರಿಗೆ ಇರಲಿಲ್ಲ. ಹಾಗಾಗಿ 2015-16ರಲ್ಲಿ 1ರಿಂದ 10ನೇ ತರಗತಿವರೆಗಿನ ಮಕ್ಕಳಿಗೆ ಸರ್ಕಾರವೇ ಶೂ ಕೊಟ್ಟಿದ್ದು ಸಣ್ಣ ಸಂಗತಿ ಅಲ್ಲ. ಜಾತಿ ಕೇಳದೆ ಎಲ್ಲರಿಗೂ ಒಂದೇ ಕಪ್ಪು ಶೂ, ಎರಡು ಜೊತೆ ಸಾಕ್ಸ್!

ಆದರೆ ಹಾಕಿ ನೋಡಿ. ಜುಲೈ ಮಳೆಯಲ್ಲಿ ನೆನೆದ ಶೂ ಮರುದಿನಕ್ಕೆ ಒಣಗಲ್ಲ. ಒದ್ದೆ ಸಾಕ್ಸ್‌ನೊಳಗೆ ಅದೇ ಬೆರಳು, ಅದೇ ಹುಣ್ಣು. ರಾಯಚೂರಿಗೂ ಬಂಟ್ವಾಳಕ್ಕೂ ಒಂದೇ ಶೂ ಅಂದ್ರೆ ಹೇಗೆ? 2023ರಲ್ಲಿ ಸರ್ಕಾರ ಊರಿನ ಹವೆ ನೋಡಿ ಶೂ ಬದಲು ಸ್ಯಾಂಡಲ್ ಕೊಳ್ಳಬಹುದು ಅಂದಿತು. ಬುದ್ಧಿ ಬರೋಕೆ ಎಂಟು ವರ್ಷ ಬೇಕಾಯಿತು.

ದಾನಿಗಳಿಗೂ ಇದೇ ಪಾಠ. ಒಂದು ಜೊತೆ ಮಾರಿದರೆ ಬಡ ಮಗುವಿಗೆ ಒಂದು ಜೊತೆ ಕೊಡ್ತೀವಿ ಅಂತ 2006ರಲ್ಲಿ ಅಮೆರಿಕದ ಟಾಮ್ಸ್ ಕಂಪನಿ ಹೊರಟಿತು. ಎಲ್ ಸಾಲ್ವಡಾರ್ ದೇಶದಲ್ಲಿ ಸಂಶೋಧಕರು ಅದರ ಫಲ ಅಳೆದರು. ಮಕ್ಕಳು ಆ ಶೂ ಹಾಕಿದರು, ಇಷ್ಟವೂ ಪಟ್ಟರು. ಆದರೆ ಆರೋಗ್ಯದಲ್ಲಾಗಲಿ ಹಾಜರಿಯಲ್ಲಾಗಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಅಲ್ಲಿನ ಹೆಚ್ಚಿನ ಮಕ್ಕಳ ಬಳಿ ಆಗಲೇ ಒಂದು ಜೊತೆ ಇತ್ತು.

ಹಾಗಂತ ಕೊಡಬೇಡಿ ಅಂತೀನಾ? ಖಂಡಿತ ಇಲ್ಲ. ಕೊಡಿ, ಕೇಳಿ ಕೊಡಿ. ಮೇ ತಿಂಗಳಲ್ಲೇ ಶಾಲೆಯ ಮೇಷ್ಟ್ರಿಗೆ ಫೋನ್ ಮಾಡಿ. ಯಾವ ಮಗುವಿಗೆ ಇಲ್ಲ, ಅಳತೆ ಎಷ್ಟು, ಶೂ ಬೇಕೋ ಸ್ಯಾಂಡಲ್ ಬೇಕೋ ಕೇಳಿ. ಶಾಲೆಯ ಶೌಚಾಲಯಕ್ಕೆ ನೀರು ಬರುತ್ತಾ ಅಂತಲೂ ಕೇಳಿ. ಬಯಲಿಗೆ ಹೋಗೋದು ನಿಲ್ಲದಿದ್ರೆ ಕೊಕ್ಕೆಹುಳುವೂ ನಿಲ್ಲಲ್ಲ. ಮತ್ತೆ ದಯವಿಟ್ಟು, ಆ ಮಗುವನ್ನು ವೇದಿಕೆಗೆ ಕರೆದು ಫೋಟೋ ತೆಗೆಸಬೇಡಿ. ನಮ್ಮ ಕ್ಯಾಮೆರಾವನ್ನೂ ಕರೆಯಬೇಡಿ.