ಸಿಮ್ಸ್: ಮನೆವಾರ್ತೆಯ ಕಂಪ್ಯೂಟರ್ ಆಟ

ಕಲ್ಪಿತ ಮನೆತನವೊಂದರ ದಿನನಿತ್ಯದ ಬದುಕನ್ನು ಆಟಗಾರರು ನಡೆಸಿಕೊಂಡು ಹೋಗುವ ಕಂಪ್ಯೂಟರ್ ಆಟ. ಪೂರ್ಣ ಹೆಸರು ‘ದ ಸಿಮ್ಸ್’. ಅಮೆರಿಕದ ಕ್ಯಾಲಿಫೋರ್ನಿಯಾದ ಮ್ಯಾಕ್ಸಿಸ್ ಸಂಸ್ಥೆಯಲ್ಲಿ ವಿಲ್ ರೈಟ್ ಮತ್ತು ಸಂಗಡಿಗರು ಇದನ್ನು ರೂಪಿಸಿದರು. ಎಲೆಕ್ಟ್ರಾನಿಕ್ ಆರ್ಟ್ಸ್ 2000ದ ಫೆಬ್ರವರಿ 4ರಂದು ಬಿಡುಗಡೆ ಮಾಡಿತು. ಇದರಲ್ಲಿ ಗೆಲುವಿಲ್ಲ, ಕೊನೆಯ ಹಂತವಿಲ್ಲ. ಉಣ್ಣುವುದು, ಮಲಗುವುದು, ಸ್ನಾನ, ದುಡಿಮೆ, ನೆರೆಹೊರೆಯ ಒಡನಾಟ, ಮನೆ ಕಟ್ಟಿ ಸಜ್ಜುಗೊಳಿಸುವುದು, ಇವೇ ಆಟದ ಹೂರಣ. 2002ರಲ್ಲಿ ಇದು ‘ಮಿಸ್ಟ್’ ಆಟವನ್ನು ಹಿಂದಿಕ್ಕಿ ಅಲ್ಲಿಯವರೆಗಿನ ಅತಿ ಹೆಚ್ಚು ಮಾರಾಟದ ಪಿಸಿ ಆಟವೆನಿಸಿತು. ಗುಂಡು ಹಾರಿಸುವ, ಗಾಡಿ ಓಡಿಸುವ ಆಟಗಳ ಪಕ್ಕದಲ್ಲಿ ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಆಡಿದ ಆಟವೆಂಬುದೂ ಇದರ ಹೆಚ್ಚುಗಾರಿಕೆ.

ಹುಟ್ಟು

1991ರ ಅಕ್ಟೋಬರಿನಲ್ಲಿ ಓಕ್‌ಲ್ಯಾಂಡ್ ಗುಡ್ಡಗಳಿಗೆ ಬಿದ್ದ ಬೆಂಕಿಯಲ್ಲಿ ರೈಟ್ ಅವರ ಮನೆ ಸುಟ್ಟುಹೋಯಿತು. ಬದುಕನ್ನು ಮತ್ತೆ ಕಟ್ಟಿಕೊಳ್ಳುವಾಗ ಯಾವ ವಸ್ತು ನಿಜಕ್ಕೂ ಬೇಕು, ಯಾವುದು ಬೇಡ ಎಂಬ ಲೆಕ್ಕ ಅವರನ್ನು ಹಿಡಿದುಕೊಂಡಿತು. ಅದಕ್ಕೆ ಮೊದಲೇ, 1989ರಲ್ಲಿ, ಅವರ ‘ಸಿಮ್‌ಸಿಟಿ’ ಬಂದಿತ್ತು. ಅಲ್ಲಿ ಇಡೀ ನಗರವೇ ಘಟಕವಾಗಿತ್ತು. ಇಲ್ಲಿ ಒಂದು ಮನೆ. ಮೊದಲ ಯೋಜನೆಯಲ್ಲಿ ಕಟ್ಟಡವೇ ಮುಖ್ಯವಾಗಿತ್ತು, ಅದು ವಾಸಕ್ಕೆ ಹಿತವೋ ಅಲ್ಲವೋ ಎಂದು ಅಳೆಯುವುದಕ್ಕಷ್ಟೇ ಮನುಷ್ಯರನ್ನು ಒಳಗೆ ಬಿಟ್ಟಿದ್ದರು. ಕ್ರಮೇಣ ಕಟ್ಟಡಕ್ಕಿಂತ ಅದರಲ್ಲಿರುವವರೇ ಕುತೂಹಲಕರವಾದರು.

ಈ ಯೋಚನೆಗೆ ವಾಸ್ತುಶಿಲ್ಪಿ ಕ್ರಿಸ್ಟೋಫರ್ ಅಲೆಕ್ಸಾಂಡರ್ ಮತ್ತು ಸಂಗಡಿಗರ ‘ಎ ಪ್ಯಾಟರ್ನ್ ಲ್ಯಾಂಗ್ವೇಜ್’ (1977) ಪ್ರೇರಣೆ ಎಂದು ರೈಟ್ ಹೇಳಿಕೊಂಡಿದ್ದಾರೆ. ಊರಿನ ಹರವಿನಿಂದ ಕಿಟಕಿಯ ಪಕ್ಕದ ಕೂರುವ ಜಾಗದವರೆಗೆ 253 ವಿನ್ಯಾಸಗಳನ್ನು ಆ ಗ್ರಂಥ ಒಂದೊಂದಾಗಿ ಚರ್ಚಿಸುತ್ತದೆ. ಭಾರತೀಯ ಓದುಗರು ಇನ್ನೂ ಹಿಂದಕ್ಕೆ ಹೋಗಿ ನೋಡಬೇಕು. ಅಲೆಕ್ಸಾಂಡರ್ ಅವರ ಮೊದಲ ಮುಖ್ಯ ಗ್ರಂಥ ‘ನೋಟ್ಸ್ ಆನ್ ದ ಸಿಂಥಸಿಸ್ ಆಫ್ ಫಾರ್ಮ್’ (1964) ಕೊನೆಯಲ್ಲಿ ಒಂದು ಭಾರತೀಯ ಹಳ್ಳಿಯನ್ನೇ ಉದಾಹರಣೆಯಾಗಿ ಬಿಡಿಸುತ್ತದೆ. ಹಳ್ಳಿಯ ಬಾಳಿಗೆ ಬೇಕಾದ 141 ಅಗತ್ಯಗಳ ಪಟ್ಟಿ ಅಲ್ಲಿದೆ. ಮನೆಯ ಬಾಗಿಲು ದಕ್ಷಿಣಕ್ಕೆ ಇರಬಾರದೆಂಬ ನಂಬಿಕೆ, ದನಕರುಗಳ ಪಾಲನೆ, ನೀರು, ಶವಸಂಸ್ಕಾರ, ಅಸ್ಪೃಶ್ಯತೆಯ ಆಚರಣೆ ಎಲ್ಲವೂ ಒಂದೇ ಪಟ್ಟಿಯ ಸಾಲುಗಳು. ಒಂದು ಅಗತ್ಯ ಇನ್ನೊಂದಕ್ಕೆ ಎಲ್ಲಿ ಅಡ್ಡಬರುತ್ತದೆ, ಎಲ್ಲಿ ನೆರವಾಗುತ್ತದೆ ಎಂದು ಗಣಿತದ ಜಾಲ ಕಟ್ಟಿ, ಅದರಿಂದ ಹಳ್ಳಿಯ ರೂಪ ತೆಗೆಯುವುದು ಆ ಪುಸ್ತಕದ ವಿಧಾನ. ಸಿಮ್ಸ್ ನೇರವಾಗಿ ಈ ಪಟ್ಟಿಯಿಂದ ಬಂದದ್ದಲ್ಲ. ಆದರೆ ವಾಸವನ್ನು ಅಗತ್ಯಗಳ ಲೆಕ್ಕವಾಗಿ ಕಾಣುವ ದೃಷ್ಟಿ ಎರಡಕ್ಕೂ ಸಮಾನ. 141 ಅಗತ್ಯಗಳಲ್ಲಿ ಜಾತಿ, ನಂಬಿಕೆ, ಬಂಧುತ್ವಗಳಿಗೆ ಜಾಗವಿತ್ತು. ಆಟಕ್ಕೆ ಬರುವಷ್ಟರಲ್ಲಿ ಉಳಿದದ್ದು ಎಂಟು.

ಒಳಗಿನ ಕೆಲಸ

ಆ ಎಂಟು ಇವು: ಹಸಿವು, ಮೈಹಿತ, ಶುಚಿ, ಮಲಮೂತ್ರ, ನಿದ್ರೆ, ಮನರಂಜನೆ, ಒಡನಾಟ, ಕೋಣೆಯ ಅಂದ. ಒಂದೊಂದಕ್ಕೂ ಒಂದು ಅಳತೆಪಟ್ಟಿ ತೆರೆಯ ಮೇಲಿರುತ್ತದೆ. ಹೊತ್ತು ಕಳೆದಂತೆ ಬಣ್ಣ ಹಸಿರಿನಿಂದ ಕೆಂಪಿಗೆ ಜಾರುತ್ತದೆ. ಎಲ್ಲದರ ಮೊತ್ತವೇ ಆ ವ್ಯಕ್ತಿಯ ಮನಃಸ್ಥಿತಿ. ಅದು ತೀರ ಕುಗ್ಗಿದರೆ ಆತ ಓದಲೂ ಒಲ್ಲ, ಹೊಸ ಕೆಲಸ ಹುಡುಕಲೂ ಒಲ್ಲ.

ಆಟದ ನಿಜವಾದ ಶೋಧ ಇರುವುದು ಬೇರೆ ಕಡೆ. ಮನೆಯವರ ತಲೆಯಲ್ಲಿ ಅಡುಗೆಯ, ಸ್ನಾನದ, ಟಿವಿಯ ಜ್ಞಾನವನ್ನು ತುಂಬಿಲ್ಲ. ಆ ಜ್ಞಾನ ವಸ್ತುಗಳಲ್ಲಿದೆ. ಫ್ರಿಜ್ಜು ಸುತ್ತಮುತ್ತಲಿನವರಿಗೆ ‘ನಾನು ಇಷ್ಟು ಹಸಿವು ತೀರಿಸಬಲ್ಲೆ’ ಎಂದು ಸದಾ ಸಾರುತ್ತಿರುತ್ತದೆ. ಸೋಫಾ ‘ಇಷ್ಟು ಮೈಹಿತ’ ಎನ್ನುತ್ತದೆ. ಸಂತೆಯಲ್ಲಿ ಕೂಗಿ ಮಾರುವವರ ನಡುವೆ ಹಾಯುವ ಗಿರಾಕಿಯಂತೆ ಮನೆಯ ವ್ಯಕ್ತಿ ಆ ಕೂಗುಗಳನ್ನೆಲ್ಲ ತೂಗುತ್ತಾನೆ. ವಸ್ತು ದೂರವಿದ್ದಷ್ಟೂ ಅದರ ಕೂಗು ಕ್ಷೀಣ. ಅಗತ್ಯ ತೀವ್ರವಾದಷ್ಟೂ ಆ ಕೂಗಿಗೆ ಬೆಲೆ ಹೆಚ್ಚು. ಕಡೆಗೆ ಎಲ್ಲಕ್ಕಿಂತ ಮೇಲಿನದನ್ನೇ ಆಯ್ದುಕೊಳ್ಳುವುದಿಲ್ಲ, ಮೇಲಿನ ಕೆಲವುಗಳಲ್ಲಿ ಒಂದನ್ನು ಅದೃಷ್ಟಕ್ಕೆ ಬಿಟ್ಟು ಆರಿಸುತ್ತಾನೆ. ಈ ಸಣ್ಣ ಅನಿಶ್ಚಿತತೆಯಿಂದಲೇ ಅವನು ಯಂತ್ರದಂತೆ ಕಾಣದೆ ಮನುಷ್ಯನಂತೆ ಕಾಣುತ್ತಾನೆ.

ಬಳಸುವವರ ಭಂಗಿಯಿಂದ ವಸ್ತು ಕೆಟ್ಟುಹೋಗುವ ಬಗೆಯವರೆಗೆ ಎಲ್ಲ ಸೂಚನೆಗಳೂ ವಸ್ತುವಿನೊಳಗೇ ಅಡಗಿರುವುದರಿಂದ, ಹೊಸ ವಸ್ತುವೊಂದನ್ನು ಮನೆಗೆ ತಂದರೆ ಅದನ್ನು ಬಳಸುವ ವಿದ್ಯೆಯೂ ಜೊತೆಗೇ ಬರುತ್ತದೆ. ಮೂಲ ಕಾರ್ಯಕ್ರಮವನ್ನು ತಿದ್ದಬೇಕಿಲ್ಲ. ವಸ್ತುಗಳ ಸೂಚನೆ ಬರೆಯಲು ಮ್ಯಾಕ್ಸಿಸ್ ಕಟ್ಟಿದ ಭಾಷೆಗೆ ಸಿಮ್‌ಆಂಟಿಕ್ಸ್ ಎಂದೂ ಅದರ ಸಂಪಾದಕ ಸಾಧನಕ್ಕೆ ಈಡಿತ್ ಎಂದೂ ಹೆಸರು. ಮೊದಲ ಆಟಕ್ಕೆ 2000ದಿಂದ 2003ರವರೆಗೆ ಏಳು ವಿಸ್ತರಣೆಗಳು ಬರಲು ಸಾಧ್ಯವಾದದ್ದು ಈ ರಚನೆಯಿಂದ. ಆಟಗಾರರೇ ತಯಾರಿಸಿದ ಸಾವಿರಾರು ಪೀಠೋಪಕರಣಗಳಿಗೂ ಇದೇ ದಾರಿ ತೆರೆಯಿತು. ಮೊದಲ ಆವೃತ್ತಿಯಲ್ಲಿ ಮನುಷ್ಯರು ಮಾತ್ರ ಮೂರು ಆಯಾಮದವರು. ವಸ್ತುಗಳು ಮೊದಲೇ ಚಿತ್ರಿಸಿಟ್ಟ ಚಪ್ಪಟೆ ಬಿಂಬಗಳು. ಆದ್ದರಿಂದ ಮನೆಯನ್ನು ನಾಲ್ಕು ಕೋನಗಳಿಂದ ಮಾತ್ರ ನೋಡಬಹುದಿತ್ತು. ಅಂದಿನ ಸಾಧಾರಣ ಕಂಪ್ಯೂಟರುಗಳಲ್ಲೂ ಆಟ ಓಡಿದ್ದಕ್ಕೆ ಈ ಮಿತವ್ಯಯವೂ ಒಂದು ಕಾರಣವಿರಬೇಕು.

ಹೊಸ ಮನೆತನಕ್ಕೆ 20,000 ಸಿಮೋಲಿಯನ್ (ಆಟದೊಳಗಿನ ಹಣ) ಕೈಗಂಟು ಸಿಗುತ್ತದೆ. ಕೆಲಸಕ್ಕೆ ಕರೆದೊಯ್ಯುವ ಕಾರು ಬಾಗಿಲಿಗೆ ಬರುತ್ತದೆ, ಸಂಬಳ ಅಂದಂದೇ ಕೈಸೇರುತ್ತದೆ, ಮೂರು ದಿನಕ್ಕೊಮ್ಮೆ ಬಿಲ್ಲು ಬರುತ್ತದೆ. ಕಟ್ಟದಿದ್ದರೆ ಸಾಮಾನು ಜಪ್ತಿ. ಮಗುವನ್ನು ಅಲಕ್ಷಿಸಿದರೆ ಸಮಾಜ ಕಲ್ಯಾಣದವರು ಬಂದು ಒಯ್ಯುತ್ತಾರೆ. ಸ್ನೇಹವನ್ನು ನೋಡಿಕೊಳ್ಳದಿದ್ದರೆ ಅದು ದಿನದಿಂದ ದಿನಕ್ಕೆ ಸವೆಯುತ್ತದೆ, ಸ್ನೇಹಿತರಿಲ್ಲದೆ ಮೇಲಿನ ಹಂತಗಳ ಬಡ್ತಿಯೂ ಇಲ್ಲ. ಪಾತ್ರಗಳು ಆಡುವ ಸಿಮ್ಲಿಷ್ ಎಂಬ ನುಡಿಗೆ ಅರ್ಥವಿಲ್ಲ. ಸ್ಟೀಫನ್ ಕಿಯರಿನ್ ಮತ್ತು ಜೆರಿ ಲಾಲರ್ ಎಂಬ ಕಲಾವಿದರು ಧ್ವನಿಶಾಲೆಯಲ್ಲಿ ಆಶುವಾಗಿ ಕಟ್ಟಿದ್ದು. ಕೋಪ, ಮುದ್ದು, ಬೇಸರ ಸ್ವರದಿಂದಲೇ ತಿಳಿಯುತ್ತವೆ.

ಮುಂದಿನ ಆವೃತ್ತಿಗಳು

2004ರ ‘ಸಿಮ್ಸ್ 2’ ವಯಸ್ಸು, ಮುಪ್ಪು, ತಲೆಮಾರು, ಆನುವಂಶಿಕ ಲಕ್ಷಣಗಳನ್ನು ತಂದಿತು. 2009ರ ‘ಸಿಮ್ಸ್ 3’ ಇಡೀ ಊರನ್ನು ತೆರೆದಿಟ್ಟಿತು. 2014ರ ‘ಸಿಮ್ಸ್ 4’ ಭಾವನೆಗಳಿಗೆ ಒತ್ತು ಕೊಟ್ಟಿತು. ಅದರ ಮೂಲ ಆಟ 2022ರ ಅಕ್ಟೋಬರ್ 18ರಿಂದ ಉಚಿತ. ಮನೆವಾರ್ತೆಯ ದೃಷ್ಟಿಯಿಂದ ಇವುಗಳಲ್ಲಿ ‘ಸಿಮ್ಸ್ 2’ ಆಟವೇ ದೊಡ್ಡ ಹೆಜ್ಜೆ. ಅಜ್ಜ ಸತ್ತು ಮೊಮ್ಮಗಳು ಮನೆ ಹಿಡಿಯುವುದು ಅಲ್ಲಿಂದ ಸಾಧ್ಯವಾಯಿತು.

ಆಟದಲ್ಲಿ ಭಾರತ

‘ಸಿಮ್ಸ್ 4’ಕ್ಕೆ 2016ರಲ್ಲಿ ಬಂದ ‘ಸಿಟಿ ಲಿವಿಂಗ್’ ವಿಸ್ತರಣೆಯ ಸ್ಯಾನ್ ಮೈಶುನೊ ನಗರದಲ್ಲಿ ಮಸಾಲೆ ಮಾರುಕಟ್ಟೆಯಿದೆ. ಅರುಣ್ ಮತ್ತು ಜೆಸ್ಮಿಂದರ್ ಭೀಡಾ ಎಂಬ ಭಾರತೀಯ ಮೂಲದ ದಂಪತಿಯ ಮನೆತನವಿದೆ. 2021ರ ‘ಫ್ಯಾಷನ್ ಸ್ಟ್ರೀಟ್’ ಉಡುಪಿನ ಕಟ್ಟು ಮುಂಬೈಯನ್ನು ಮಾದರಿಯಾಗಿಟ್ಟುಕೊಂಡದ್ದು. ಆಟದ ಅಧಿಕೃತ ಭಾಷೆಗಳ ಪಟ್ಟಿಯಲ್ಲಿ ಕನ್ನಡವಿಲ್ಲ, ಬೇರೆ ಭಾರತೀಯ ಭಾಷೆಯೂ ಇಲ್ಲ.

ಕಲಬುರಗಿ, ಕಮಲಾಪುರದ ಮನೆವಾರ್ತೆ ಮತ್ತು ಆಟ

ಕಲಬುರಗಿ ಸೀಮೆಯ ಹಳೆಯ ಮನೆಯನ್ನು ಆಟದಲ್ಲಿ ಕಟ್ಟಲು ತೊಡಗಿದವರಿಗೆ ಆಟದ ಶಕ್ತಿಯೂ ಮಿತಿಯೂ ಒಟ್ಟಿಗೆ ಗೊತ್ತಾಗುತ್ತವೆ. ಶಹಾಬಾದ ಫರ್ಸಿಯ ನೆಲಕ್ಕೆ ಹೊಂದುವ ಬೂದುಗಲ್ಲಿನ ಹಾಸು ಸಿಗುತ್ತದೆ, ಕಟ್ಟೆ ಕಟ್ಟಬಹುದು, ಪಡಸಾಲೆ ಬಿಡಬಹುದು. ಮಣ್ಣಿನ ಮಾಳಿಗೆಯ ದಪ್ಪ ಗೋಡೆಗೆ ಮಾತ್ರ ಉಪಾಯ ಬೇಕು: ಎರಡು ತೆಳುಗೋಡೆಗಳನ್ನು ಒಂದು ಚೌಕದಷ್ಟು ಬಿಟ್ಟು ನಿಲ್ಲಿಸಿ ನಡುವೆ ಮುಚ್ಚುವುದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ದಪ್ಪ ಗೋಡೆ ಮನೆಯನ್ನು ತಂಪಾಗಿಡುತ್ತದೆ, ರಾತ್ರಿ ಮಾಳಿಗೆಯ ಮೇಲೆ ಹಾಸಿಕೊಂಡು ಮಲಗುವುದು ರೂಢಿ. ಆಟದಲ್ಲಿ ಗೋಡೆಯ ದಪ್ಪಕ್ಕೂ ತಂಪಿಗೂ ಸಂಬಂಧವಿಲ್ಲ. ‘ಸಿಮ್ಸ್ 4’ರ 2018ರ ‘ಸೀಸನ್ಸ್’ ವಿಸ್ತರಣೆಯಲ್ಲಿ ಬಿಸಿಲಿಗೆ ಸಿಕ್ಕಿ ಸಾಯುವವರಿದ್ದಾರೆ. ಅವರನ್ನು ಉಳಿಸುವುದು ತೆಳುಬಟ್ಟೆ, ನೀರು ಮತ್ತು ಉಷ್ಣತೆ ಹೊಂದಿಸುವ ಯಂತ್ರ.

ಮನೆತನದ ಗಾತ್ರ ಇನ್ನೊಂದು ತೊಡಕು. ಮೊದಲ ಆವೃತ್ತಿಯಲ್ಲೂ ನಾಲ್ಕನೆಯದರಲ್ಲೂ ಒಂದು ಮನೆಗೆ ಎಂಟೇ ಜನ. ಮುತ್ಯಾ, ಆಯಿ, ಅವರ ಇಬ್ಬರು ಮಕ್ಕಳು, ಇಬ್ಬರು ಸೊಸೆಯರು, ಇಬ್ಬರು ಮೊಮ್ಮಕ್ಕಳು ಎಂದರೆ ಮುಗಿಯಿತು. ತವರಿಗೆ ಬಾಣಂತನಕ್ಕೆ ಬಂದ ಮಗಳಿಗೆ ಜಾಗವಿಲ್ಲ. 2023ರ ‘ಫಾರ್ ರೆಂಟ್’ ವಿಸ್ತರಣೆ ಒಂದೇ ನಿವೇಶನದಲ್ಲಿ ಹಲವು ಮನೆತನಗಳಿಗೆ ಅವಕಾಶ ಕೊಟ್ಟಿದೆ, ಆದರೆ ಅದು ಬಾಡಿಗೆಯ ವಠಾರ, ಕೂಡುಮನೆಯಲ್ಲ.

ಇವೆರಡಕ್ಕಿಂತ ಆಳದ ವ್ಯತ್ಯಾಸ ದುಡ್ಡಿನದು, ಅದನ್ನು ಕಮಲಾಪುರದಿಂದ ನೋಡಿದರೆ ಸ್ಪಷ್ಟ. ಕಲಬುರಗಿಯಿಂದ ಹುಮನಾಬಾದ್ ದಾರಿಯಲ್ಲಿರುವ ಈ ತಾಲ್ಲೂಕು ಕೇಂದ್ರ, ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕೆಂಪು ಬಾಳೆಗೆ ಹೆಸರಾದದ್ದು. ಕೆಂಪು ಬಾಳೆ ಬೇರೆ ತಳಿಗಳಿಗಿಂತ ನಿಧಾನ, ನೆಟ್ಟು ಗೊನೆ ಕೈಗೆ ಬರಲು ಸುಮಾರು ಒಂದೂವರೆ ವರ್ಷ. ಸುತ್ತಲಿನ ಒಣಬೇಸಾಯದ ತೊಗರಿಯೂ ಮುಂಗಾರಿಗೆ ಬಿತ್ತಿದರೆ ಡಿಸೆಂಬರ್, ಜನವರಿಗೆ ರಾಶಿ. ಹೀಗೆ ಬಹಳ ತಡವಾಗಿ ಒಮ್ಮೆಲೇ ಬರುವ ಹಣದಲ್ಲಿ ತಿಂಗಳುಗಟ್ಟಲೆ ಮನೆ ನಡೆಸುವುದೇ ಇಲ್ಲಿನ ಮನೆವಾರ್ತೆಯ ಕುಶಲತೆ. ಬೀಜ, ಗೊಬ್ಬರ, ಕಿರಾಣಿಯ ಉದ್ರಿ, ಅಡತಿಯ ಮುಂಗಡ, ಬಂಧುಗಳ ಕೈಗಡ ಎಲ್ಲವನ್ನೂ ತೂಗಿಸುವವಳು ಬಹುಪಾಲು ಮನೆಯಾಕೆ. ಮೊದಲ ಸಿಮ್ಸ್‌ನಲ್ಲಿ ಸಾಲವೆಂಬುದೇ ಇಲ್ಲ. ಅಂದಂದಿನ ಸಂಬಳ, ಮೂರು ದಿನದ ಬಿಲ್ಲು ಎಂಬ ಲಯ ಅಮೆರಿಕದ ಉಪನಗರದ ನೌಕರರ ಮನೆಯದು. 2021ರ ‘ಕಾಟೇಜ್ ಲಿವಿಂಗ್’ ಹಸು, ಕೋಳಿ, ತೋಟವನ್ನು ತಂದರೂ ಬೆಳೆ ಕೆಲವೇ ದಿನಗಳಲ್ಲಿ ಕೈಗೆ ಬರುತ್ತದೆ. ಕಾಯುವಿಕೆಯನ್ನು ಲೆಕ್ಕಕ್ಕೆ ತರದ ಮಾದರಿ ರೈತಾಪಿ ಮನೆಯನ್ನು ಅರ್ಧದಷ್ಟೇ ಹಿಡಿಯಬಲ್ಲದು.

ಈ ಸೀಮೆಯ ಮನೆಯಾಟಗಳು

ಸಿಮ್ಸ್ ಅನ್ನು ‘ಸಿಮ್‌ಸಿಟಿ’ಯ ಸಂತಾನವೆಂದು ವರ್ಗೀಕರಿಸುವುದು ವಾಡಿಕೆ. ಆದರೆ ತಯಾರಿಕೆಯ ಹಂತದಲ್ಲಿ ಸಂಸ್ಥೆಯೊಳಗೆ ಅದಕ್ಕಿದ್ದ ಹೆಸರು ‘ಡಾಲ್‌ಹೌಸ್’, ಅಂದರೆ ಗೊಂಬೆಮನೆ. ಗೊಂಬೆಮನೆಯ ವಂಶವೇ ಸರಿಯಾದುದೆಂದು ಒಪ್ಪಿದರೆ ಉತ್ತರ ಕರ್ನಾಟಕದ ಗುಳ್ಳವ್ವ ಅದರ ಹತ್ತಿರದ ಬಂಧು. ಮಣ್ಣೆತ್ತಿನ ಅಮಾವಾಸ್ಯೆ ಕಳೆದು ಆಷಾಢ ಬಂದಮೇಲೆ ಮಂಗಳವಾರಗಳಂದು ಹೆಣ್ಣುಮಕ್ಕಳು ಹಸಿಮಣ್ಣಿನಲ್ಲಿ ಗುಳ್ಳವ್ವನನ್ನು ಮಾಡಿ, ಗುಲಗಂಜಿ ಒತ್ತಿ ಸಿಂಗರಿಸಿ ಕೂರಿಸುತ್ತಾರೆ. ಹಾಡುತ್ತ ಮನೆಮನೆಗೆ ಹೋಗಿ ಕಾಳುಕಡಿ ಕೂಡಿಸುವುದು, ಬುತ್ತಿ ಕಟ್ಟಿಕೊಂಡು ಊರ ಹೊರಗೆ ಉಣ್ಣುವುದು ಇದರ ಅಂಗ; ಕ್ರಮ ಊರಿಂದೂರಿಗೆ ಬೇರೆ. ಇದು ಪೂಜೆಯೂ ಹೌದು, ಮನೆವಾರ್ತೆಯ ಅಭ್ಯಾಸವೂ ಹೌದು: ಕೂಡಿಸಿದ್ದನ್ನು ಹಂಚುವುದು, ಯಾರ ಮನೆಗೆ ಮೊದಲು ಹೋಗಬೇಕೆಂದು ತೀರ್ಮಾನಿಸುವುದು, ಕೇಳಿದ್ದು ಕೊಡದ ಮನೆಯವರೊಂದಿಗೆ ಹೇಗೆ ನಡೆದುಕೊಳ್ಳಬೇಕೆಂದು ಕಲಿಯುವುದು. ಸಿಮ್ಸ್ ಮನೆಯ ಒಳಗನ್ನು ಸೂಕ್ಷ್ಮವಾಗಿ ಲೆಕ್ಕ ಹಾಕುತ್ತದೆ. ಮನೆ ಮತ್ತು ಓಣಿಯ ನಡುವಿನ ಋಣವನ್ನು ಗುಳ್ಳವ್ವ ಅದಕ್ಕಿಂತ ಚೆನ್ನಾಗಿ ಕಲಿಸುತ್ತಾಳೆ.

ಆಡುವ ಸಾಧನಗಳು

ಮೊದಲ ಆವೃತ್ತಿ ಸಿ.ಡಿ.ಯಲ್ಲಿ ಬರುತ್ತಿತ್ತು. ಈಗಿನದನ್ನು ಇಂಟರ್‌ನೆಟ್ ಮೂಲಕ ಇಳಿಸಿಕೊಳ್ಳಬೇಕು, ವಿಸ್ತರಣೆಗಳು ಸೇರಿದರೆ ಹತ್ತಾರು ಜಿಬಿ ಜಾಗ ಬೇಕು. ಮೊಬೈಲಿಗೆ ‘ಸಿಮ್ಸ್ ಫ್ರೀಪ್ಲೇ’ 2011ರಲ್ಲಿ ಬಂದಿತು. ಅದರಲ್ಲಿ ಕೆಲಸಗಳು ಗೋಡೆ ಗಡಿಯಾರದ ಹೊತ್ತನ್ನೇ ತೆಗೆದುಕೊಳ್ಳುತ್ತವೆ, ರಾತ್ರಿ ಮಲಗಿಸಿದ ಪಾತ್ರ ನಿಜವಾದ ಗಂಟೆಗಳಷ್ಟು ನಿದ್ರಿಸುತ್ತದೆ. ಕಮಲಾಪುರದ ಹೊಲಮನೆಯ ಕಾಲಗತಿಗೆ ಇಡೀ ಸರಣಿಯಲ್ಲಿ ಸ್ವಲ್ಪವಾದರೂ ಸಮೀಪ ಬರುವ ಆವೃತ್ತಿ ಇದು.